ಹಳೆ ಕೇಸು, ರೌಡಿ ಶೀಟು, ತಲವಾರಿನ ಕೇಕು: ಇವನ್ನೆಲ್ಲ ಹೊಸ ಕೇಸಿನಲ್ಲಿ ತರಬಹುದಾ?

ಪ್ರಶ್ನೆ: ನಮ್ಮದು ಮಲ್ಪೆ. ನನ್ನ ತಮ್ಮ ಬೋಟಿಗೆ ಹೋಗುವವನು. ಕಳೆದ ವರ್ಷ ಒಂದು ರಾತ್ರಿ ಬಂದರಿನ ಹತ್ತಿರ ಹೊಡೆದಾಟ ಆಗಿ ಒಬ್ಬರ ತಲೆಗೆ ಕಬ್ಬಿಣದ ರಾಡಿನಿಂದ ಪೆಟ್ಟು ಬಿತ್ತು. ತಮ್ಮನ ಮೇಲೆ ಕೊಲೆ ಯತ್ನದ ಕೇಸು ಹಾಕಿದ್ದಾರೆ. ತಾನು ಹೊಡೆದಿಲ್ಲ ಅಂತ ಅವನು ಹೇಳುತ್ತಾನೆ. ಚಾರ್ಜ್‌ಶೀಟ್ ನೋಡಿದರೆ ಅದರಲ್ಲಿ 2019ರ ಒಂದು ಹೊಡೆದಾಟದ ಕೇಸು (ಅದು ರಾಜಿಯಾಗಿದೆ), ಒಂದು ಕೋಳಿ ಅಂಕದ ಕೇಸು, ಅವನ ಮೇಲೆ ರೌಡಿ ಶೀಟ್ ಇದೆ ಎನ್ನುವುದು, ಎಲ್ಲ ಬರೆದಿದ್ದಾರೆ. ಅವನ ಫೋನ್ ಕಿತ್ತುಕೊಂಡು ಅದರಿಂದ ಒಂದು ವೀಡಿಯೊ ತೆಗೆದಿದ್ದಾರೆ. ಸ್ನೇಹಿತನ ಹುಟ್ಟುಹಬ್ಬದಲ್ಲಿ ಇವನು ತಲವಾರಿನಿಂದ ಕೇಕ್ ಕತ್ತರಿಸಿದ್ದು ಅದರಲ್ಲಿದೆ. ಸ್ಟೇಷನ್ನಿನಲ್ಲಿ ತಪ್ಪೊಪ್ಪಿಕೊಂಡ ಅಂತ ನಾಲ್ಕು ಪುಟದ ಹೇಳಿಕೆಯೂ ಇದೆ. ಇದನ್ನೆಲ್ಲ ನೋಡಿದ ಮೇಲೆ ಜಡ್ಜ್ ಮನಸ್ಸು ಕೆಡುವುದಿಲ್ಲವಾ? ಇದು ಕೋರ್ಟಿಗೆ ಬಾರದ ಹಾಗೆ ಮಾಡಬಹುದಾ? ಊರಿನ ಹಿರಿಯರೊಬ್ಬರಿಂದ ‘ಒಳ್ಳೆ ಹುಡುಗ’ ಅಂತ ಸಾಕ್ಷಿ ಹೇಳಿಸೋಣ ಅಂತ ಅಮ್ಮ ಹೇಳುತ್ತಿದ್ದಾರೆ. ಅದು ಸರಿಯಾ?

ಉತ್ತರ: ಮನಸ್ಸು ಕೆಡುವುದಿಲ್ಲವಾ ಅಂತ ಕೇಳಿದಿರಲ್ಲ, ನಿಮ್ಮ ಪತ್ರದ ಜೀವ ಇರುವುದು ಅಲ್ಲೇ. ಕೆಡಬಹುದು. ಕಾನೂನಿಗೂ ಅದು ಗೊತ್ತು. ಗೊತ್ತಿರುವುದರಿಂದಲೇ ಕೆಲವು ಬಾಗಿಲುಗಳನ್ನು ಮುಚ್ಚಿಟ್ಟಿದೆ. ಆದರೆ ಆ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುವುದಿಲ್ಲ. ನಿಮ್ಮ ವಕೀಲರು ಸರಿಯಾದ ಹೊತ್ತಿಗೆ ಎದ್ದು ನಿಂತು ಮುಚ್ಚಬೇಕು.

ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಆರೋಪಿಗೆ ತೊಂದರೆ ಕೊಡುವ ಸಾಕ್ಷ್ಯವೆಲ್ಲ ಅನ್ಯಾಯದ ಸಾಕ್ಷ್ಯ ಅಲ್ಲ. ಕಣ್ಣಾರೆ ಕಂಡೆ ಎನ್ನುವ ಸಾಕ್ಷಿ, ರಾಡಿನ ಮೇಲಿನ ರಕ್ತ, ಇವೂ ತೊಂದರೆ ಕೊಡುತ್ತವೆ. ಅದು ನ್ಯಾಯವಾದ ತೊಂದರೆ. ‘ಆ ರಾತ್ರಿ ಹೊಡೆದದ್ದು ಯಾರು’ ಎಂಬ ಪ್ರಶ್ನೆಗೆ ಅವು ಉತ್ತರ ಕೊಡುತ್ತವೆ. ತಲವಾರಿನ ಕೇಕಿನ ವೀಡಿಯೊ ಆ ಪ್ರಶ್ನೆಗೆ ಏನು ಉತ್ತರ ಕೊಡುತ್ತದೆ? ಏನೂ ಇಲ್ಲ. ಅದು ಬೇರೆಯೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ‘ಇವ ಎಂಥವ?’ ನಮ್ಮೂರಲ್ಲಿ ಹೇಳುವುದುಂಟಲ್ಲ, ‘ಅವ ಮೊದಲಿಂದಲೂ ಹಾಗೇ ಮಾರ್ರೆ, ಇದೂ ಅವನೇ ಮಾಡಿರಬೇಕು.’ ಆ ‘ಇರಬೇಕು’ ಎಂಬ ಜಿಗಿತ ಇದೆಯಲ್ಲ, ಅದನ್ನು ತಡೆಯುವುದಕ್ಕೇ ಈ ಕಾನೂನು ಇರುವುದು.

ಈ ಜಿಗಿತದಿಂದ ಎರಡು ಕೆಡುಕು. ಒಂದು, ಸಾಕ್ಷ್ಯ ತೆಳುವಾಗಿದ್ದರೂ ಗುಣ ನೋಡಿ ಅಪರಾಧಿ ಅಂತ ಹೇಳಿಬಿಡುವುದು. ಇನ್ನೊಂದು ಇನ್ನೂ ಸೂಕ್ಷ್ಮ. ‘ಇದನ್ನು ಮಾಡದಿದ್ದರೆ ಏನಂತೆ, ಹಿಂದೆ ಏನಾದರೂ ಮಾಡಿರುತ್ತಾನೆ’ ಅಂತ ಸಂಶಯದ ಲಾಭ ಕೊಡುವ ಮನಸ್ಸೇ ಹೋಗುವುದು. ಎರಡನೆಯದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಹಾಗಾಗಿ ಅಪೀಲಿನಲ್ಲಿ ಅದನ್ನು ಹಿಡಿಯುವುದೂ ಕಷ್ಟ.

ಅಮೆರಿಕದಲ್ಲಿ ಇದಕ್ಕೆ ನೇರವಾದ ನಿಯಮವೇ ಇದೆ. 1975ರಲ್ಲಿ ಜಾರಿಗೆ ಬಂದ ಅಲ್ಲಿನ ಫೆಡರಲ್ ಸಾಕ್ಷ್ಯ ನಿಯಮಗಳ 403ನೇ ನಿಯಮದ ಪ್ರಕಾರ, ಪ್ರಸ್ತುತವಾದ, ಅಂದರೆ ಕೇಸಿಗೆ ಸಂಬಂಧಪಟ್ಟ, ಸಾಕ್ಷ್ಯವನ್ನೂ ನ್ಯಾಯಾಧೀಶರು ಹೊರಗಿಡಬಹುದು. ಅದರಿಂದಾಗುವ ಅನ್ಯಾಯದ ಪೂರ್ವಗ್ರಹದ ಅಪಾಯ, ಅದರ ಪ್ರಯೋಜನಕ್ಕಿಂತ ತುಂಬಾ ಜಾಸ್ತಿ ಆಗಿರಬೇಕು, ಅಷ್ಟೆ. ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯ 78ನೇ ಕಲಮು ಹೆಚ್ಚುಕಡಿಮೆ ಅಂಥದ್ದೇ ಅಧಿಕಾರ ಕೊಡುತ್ತದೆ. ಆ ದೇಶಗಳಲ್ಲಿ ಜ್ಯೂರಿ ಇದೆ, ಅಂದರೆ ಅಪರಾಧಿ ಹೌದಾ ಅಲ್ಲವಾ ಅಂತ ಹೇಳುವ ಸಾಮಾನ್ಯ ಜನರ ತಂಡ. ಜ್ಯೂರಿಯನ್ನು ಹೊರಗೆ ಕಳಿಸಿ ನ್ಯಾಯಾಧೀಶರು ಸಾಕ್ಷ್ಯ ನೋಡುತ್ತಾರೆ. ಬೇಡ ಅನಿಸಿದರೆ ಅದು ಜ್ಯೂರಿಯ ಕಣ್ಣಿಗೇ ಬೀಳುವುದಿಲ್ಲ.

ನಮ್ಮಲ್ಲಿ ಜ್ಯೂರಿ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ಜಾಗವನ್ನೇ ಇಡಲಿಲ್ಲ. ಸಾಕ್ಷ್ಯ ಒಳಗೆ ಬರಬೇಕಾ ಬೇಡವಾ ಅಂತ ನೋಡುವವರೂ ನ್ಯಾಯಾಧೀಶರೇ, ಕೊನೆಗೆ ತೀರ್ಪು ಬರೆಯುವವರೂ ಅವರೇ. ‘ಕಾನೂನು ಕಲಿತವರು, ಬೇಡದ್ದನ್ನು ತಲೆಯಿಂದ ತೆಗೆದಿಡುತ್ತಾರೆ’ ಅಂತ ಕೆಲವು ಹಿರಿಯ ವಕೀಲರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನ್ಯಾಯಾಧೀಶರ ಮೇಲಿನ ಅಗೌರವದಿಂದ ಹೇಳುತ್ತಿಲ್ಲ. ಒಮ್ಮೆ ನೋಡಿದ್ದನ್ನು ನೋಡದ ಹಾಗೆ ಇರುವುದು ಯಾವ ಮನುಷ್ಯನಿಗೂ ಸುಲಭ ಅಲ್ಲ. ಹಾಗಾಗಿ ನಮ್ಮಲ್ಲಿ ಈ ಜಾಗ್ರತೆ ಇನ್ನೂ ಜಾಸ್ತಿ ಬೇಕು ಅಂತಲೇ ನನ್ನ ಅಭಿಪ್ರಾಯ.

ಈಗ ನಮ್ಮ ಕಾನೂನಿಗೆ ಬರೋಣ. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ನಿಮ್ಮ ತಮ್ಮನ ಕೇಸು ಅದರ ನಂತರದ್ದಾದರೆ ಹೊಸ ಕಲಮುಗಳೇ ಅನ್ವಯ. ನಂಬರು ಬದಲಾಗಿದೆ, ಈ ವಿಷಯದಲ್ಲಿ ಒಳಗಿನ ತಿರುಳು ಬದಲಾಗಿಲ್ಲ. ‘ಪೂರ್ವಗ್ರಹ ಹುಟ್ಟಿಸುತ್ತದೆ’ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ಹೊರಗಿಡುವ ಕಲಮು ನಮ್ಮಲ್ಲಿ ಇಲ್ಲ. ಅದರ ಬದಲು 3ನೇ ಕಲಮಿನಲ್ಲಿ ಒಂದು ದೊಡ್ಡ ಗೇಟು ಇದೆ: ವಿವಾದದಲ್ಲಿರುವ ಸಂಗತಿ ಮತ್ತು ಕಾಯ್ದೆ ‘ಪ್ರಸ್ತುತ’ ಎಂದು ಹೇಳಿದ ಸಂಗತಿ, ಇವೆರಡಕ್ಕೆ ಮಾತ್ರ ಸಾಕ್ಷ್ಯ ಕೊಡಬಹುದು, ಬೇರೆ ಯಾವುದಕ್ಕೂ ಇಲ್ಲ. ಆ ‘ಬೇರೆ ಯಾವುದಕ್ಕೂ ಇಲ್ಲ’ ಎಂಬ ಮಾತೇ ನಿಮ್ಮ ಕೈಯಲ್ಲಿರುವ ಬಲವಾದ ಆಯುಧ. ಅದರ ಜೊತೆಗೆ 141ನೇ ಕಲಮು ಇಟ್ಟುಕೊಳ್ಳಿ. ‘ಇದು ಸಾಬೀತಾದರೆ ಈ ಕೇಸಿಗೆ ಯಾವ ರೀತಿಯಲ್ಲಿ ಪ್ರಸ್ತುತ?’ ಅಂತ ಸಾಕ್ಷ್ಯ ತರುವವರನ್ನೇ ಕೇಳುವ ಅಧಿಕಾರ ಅದು ನ್ಯಾಯಾಧೀಶರಿಗೆ ಕೊಡುತ್ತದೆ. ಈ ಪ್ರಶ್ನೆಯನ್ನು ಕೇಳಿ ಎಂದು ವಕೀಲರು ವಿನಂತಿಸಬಹುದು. ಕೇಕಿನ ವೀಡಿಯೊ ಬಗ್ಗೆ ಈ ಪ್ರಶ್ನೆಗೆ ಸರಕಾರಿ ಅಭಿಯೋಜಕರ ಹತ್ತಿರ ಒಳ್ಳೆಯ ಉತ್ತರ ಇರುವುದು ಕಷ್ಟ. ಹೊಡೆದದ್ದು ರಾಡಿನಿಂದ, ವೀಡಿಯೊದಲ್ಲಿರುವುದು ತಲವಾರು, ಅದೂ ಬೇರೆ ದಿನದ್ದು.

ಆದರೂ ಒಂದು ಎಚ್ಚರಿಕೆ. ಆ ವೀಡಿಯೊದಲ್ಲಿ ನಿಮ್ಮ ತಮ್ಮ ಏನಾದರೂ ಮಾತಾಡಿದ್ದಾನಾ ನೋಡಿ. ಮನಸ್ಸಿನ ಸ್ಥಿತಿಯ ಬಗ್ಗೆ ಇರುವ 12ನೇ ಕಲಮಿಗೆ ಕಾಯ್ದೆಯೇ ಕೊಟ್ಟ ಉದಾಹರಣೆಗಳಿವೆ. ಅವು ಒಂದೂವರೆ ಶತಮಾನದಷ್ಟು ಹಳೆಯವು, ಆದರೆ ನಿಮ್ಮ ಕೇಸಿಗೇ ಬರೆದ ಹಾಗಿವೆ. ಒಬ್ಬ ಒಂದು ಅಪರಾಧದ ವಿಚಾರಣೆ ಎದುರಿಸುತ್ತಿದ್ದಾನೆ. ಅದೇ ಅಪರಾಧ ಮಾಡುವ ಉದ್ದೇಶ ತೋರಿಸುವ ಮಾತನ್ನು ಅವನು ಮೊದಲು ಆಡಿದ್ದರೆ ಅದು ಪ್ರಸ್ತುತ. ಅಂಥ ಅಪರಾಧಗಳ ಕಡೆಗೆ ಅವನಿಗೆ ಒಲವಿದೆ ಅಂತ ತೋರಿಸುವ ಮಾತು ಪ್ರಸ್ತುತ ಅಲ್ಲ. ಇನ್ನೊಂದು ಉದಾಹರಣೆ: ಗುಂಡು ಹೊಡೆದು ಒಬ್ಬನನ್ನು ಕೊಂದ ಆರೋಪ. ಅದೇ ವ್ಯಕ್ತಿಯ ಮೇಲೆ ಮೊದಲೂ ಗುಂಡು ಹಾರಿಸಿದ್ದ ಎನ್ನುವುದು ಪ್ರಸ್ತುತ. ಕೊಲ್ಲಬೇಕೆಂದು ಜನರ ಮೇಲೆ ಗುಂಡು ಹಾರಿಸುವ ಅಭ್ಯಾಸ ಇತ್ತು ಎನ್ನುವುದು ಪ್ರಸ್ತುತ ಅಲ್ಲ. ಇಲ್ಲಿರುವ ಗೆರೆ ನೋಡಿ, ಎಷ್ಟು ತೆಳು, ಎಷ್ಟು ಸ್ಪಷ್ಟ. ಹಾಗಾಗಿ ವೀಡಿಯೊದಲ್ಲಿ ಸುಮ್ನೆ ಶೋಕಿಯ ಡೈಲಾಗು ಇದ್ದರೆ ಒಂದು ಲೆಕ್ಕ, ಗಾಯಾಳುವಿನ ಹೆಸರು ಹೇಳಿ ‘ಅವನನ್ನು ಬಿಡುವುದಿಲ್ಲ’ ಅಂದಿದ್ದರೆ ಬೇರೆಯೇ ಲೆಕ್ಕ.

2019ರ ಕೇಸಿಗೂ ಇದೇ ಅಳತೆ. ಆಗ ಪೆಟ್ಟು ತಿಂದವರು ಯಾರು? ನಿಮ್ಮ ಪತ್ರದಲ್ಲಿ ಅದಿಲ್ಲ. ಬೇರೆ ಯಾರೋ ಆಗಿದ್ದರೆ ಆ ಕೇಸು ಈ ಕೇಸಿಗೆ ಸಂಬಂಧಪಡುವುದಿಲ್ಲ. ಈಗಿನ ಗಾಯಾಳುವೇ ಅಥವಾ ಅವರ ಅಣ್ಣತಮ್ಮಂದಿರೇ ಆಗಿದ್ದರೆ, ಹಳೆ ದ್ವೇಷ ಎಂಬ ಕಾರಣ ಹೇಳಿ 6ನೇ ಕಲಮಿನ ಮೂಲಕ ಅದು ಒಳಗೆ ಬರುತ್ತದೆ. ಅದನ್ನು ತಡೆಯುವುದು ಆಗದ ಮಾತು, ತಡೆಯಲು ಹೋಗಿ ಕಾಲ ಕಳೆಯಬೇಡಿ. ಕೋಳಿ ಅಂಕದ ಕೇಸಿನ ಬಗ್ಗೆ ಚಿಂತೆಯೇ ಬೇಡ, ತಲೆ ಒಡೆದ ಕೇಸಿಗೆ ಅದರಿಂದ ಸಾಬೀತಾಗುವುದು ಏನೂ ಇಲ್ಲ.

ಇನ್ನು ರೌಡಿ ಶೀಟ್. ನಿಮ್ಮಂಥ ಮನೆಯವರು ಇದಕ್ಕೆ ತುಂಬಾ ಹೆದರುತ್ತಾರೆ. ರೌಡಿ ಶೀಟ್ ಅಂದರೆ ಪೊಲೀಸರು ನಿಗಾ ಇಡುವುದಕ್ಕೆ ತಮ್ಮ ಠಾಣೆಯಲ್ಲಿ ತೆರೆಯುವ ದಾಖಲೆ. ಕೋರ್ಟು ಕೊಟ್ಟ ತೀರ್ಪು ಅಲ್ಲ. 49ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ: ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ನಡತೆ ಕೆಟ್ಟದು ಎನ್ನುವುದು ಅಪ್ರಸ್ತುತ. ಹಳೆ ಕಾಯ್ದೆಯಲ್ಲಿ ಇದೇ 54ನೇ ಕಲಮಾಗಿತ್ತು. ಹಿಂದೆ ಶಿಕ್ಷೆಯೇ ಆಗಿದ್ದರೂ ಕಾನೂನು ಎಷ್ಟು ಹುಷಾರಾಗಿದೆ ಅಂದರೆ, ಸೆಷನ್ಸ್ ವಿಚಾರಣೆಯಲ್ಲಿ ಹೆಚ್ಚಿನ ಶಿಕ್ಷೆಗಾಗಿ ಹಳೆ ಶಿಕ್ಷೆಯನ್ನು ದೋಷಾರೋಪಣೆಯಲ್ಲಿ ಸೇರಿಸಿದ್ದರೂ ಅದನ್ನು ಮೊದಲೇ ಓದಿ ಹೇಳುವಂತಿಲ್ಲ. ಈಗಿನ ಅಪರಾಧ ಸಾಬೀತಾಗುವ ತನಕ ಅಭಿಯೋಜಕರು ಅದನ್ನು ಎತ್ತುವಂತಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 259ನೇ ಕಲಮು ನೋಡಿ. ಶಿಕ್ಷೆಯಾದ ಕೇಸಿಗೇ ಇಷ್ಟು ಬೇಲಿ ಇರುವಾಗ, ರಾಜಿಯಾದ ಕೇಸಿಗೆ, ಠಾಣೆಯ ರಿಜಿಸ್ಟರಿಗೆ ಬಾಗಿಲು ತೆರೆಯುವುದು ಹೇಗೆ?

ಆದರೆ ಜಾಮೀನಿನ ಹೊತ್ತಿನಲ್ಲಿ ಈ ಮಾತು ನಡೆಯುವುದಿಲ್ಲ. ಹಳೆ ಕೇಸು ಎಷ್ಟಿದೆ ಅಂತ ಅಲ್ಲಿ ನೋಡುತ್ತಾರೆ, ನೋಡುವುದಕ್ಕೆ ಕಾರಣವೂ ಇದೆ. ಹೊರಗೆ ಬಿಟ್ಟರೆ ಸಾಕ್ಷಿಗಳನ್ನು ಹೆದರಿಸುತ್ತಾನಾ, ಮತ್ತೆ ಗಲಾಟೆ ಮಾಡುತ್ತಾನಾ ಎಂಬುದು ಅಲ್ಲಿನ ಪ್ರಶ್ನೆ. ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗಲೂ ಹಿನ್ನೆಲೆ ಬರುತ್ತದೆ. ನಡುವಿನ ಹಂತದಲ್ಲಿ, ಅಂದರೆ ತಪ್ಪು ಮಾಡಿದ್ದಾನಾ ಇಲ್ಲವಾ ಅಂತ ತೂಗುವಾಗ, ಅದಕ್ಕೆ ಜಾಗ ಇಲ್ಲ.

ನಾಲ್ಕು ಪುಟದ ಆ ‘ಸ್ವ ಇಚ್ಛಾ ಹೇಳಿಕೆ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕೋರ್ಟುಗಳಲ್ಲಿ ಮನಸ್ಸು ಕೆಡಿಸುವ ಕಾಗದ ಅಂತ ಇದ್ದರೆ ಅದೇ. ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಒಂದೇ ಒಂದು ಸಂದು ಇದೆ. ಕಸ್ಟಡಿಯಲ್ಲಿರುವಾಗ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟಷ್ಟು ಮಾತು ಮಾತ್ರ ಒಳಗೆ ಬರುತ್ತದೆ. ‘ರಾಡನ್ನು ಐಸ್ ಪ್ಲಾಂಟಿನ ಹಿಂದಿನ ಪೊದೆಯಲ್ಲಿ ಬಿಸಾಡಿದ್ದೇನೆ, ತೋರಿಸುತ್ತೇನೆ’ ಅಂದು ತೋರಿಸಿದ ಅಂತ ಇಟ್ಟುಕೊಳ್ಳಿ. ಅಷ್ಟು ಬರುತ್ತದೆ. ‘ಅದರಿಂದಲೇ ಅವನ ತಲೆಗೆ ಹೊಡೆದೆ’ ಎಂಬ ಮುಂದಿನ ತುಂಡು ಬರುವುದಿಲ್ಲ. 1947ರಲ್ಲಿ ವರದಿಯಾದ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಅತ್ಯುನ್ನತ ಅಪೀಲು ಕೋರ್ಟಾದ ಪ್ರಿವಿ ಕೌನ್ಸಿಲ್ ಹಾಕಿದ ಈ ಗೆರೆ ಇವತ್ತಿಗೂ ಅಳಿಸಿಲ್ಲ.

ಕಾಗದದ ಮೇಲಿನ ಕಾನೂನು ಇದು. ನಡೆಯುವುದು ಬೇರೆ. ತನಿಖಾಧಿಕಾರಿ ಸಾಕ್ಷಿ ಕಟ್ಟೆಗೆ ಬಂದು ‘ಆರೋಪಿಯ ಸ್ವ ಇಚ್ಛಾ ಹೇಳಿಕೆ’ ಅಂತ ಇಡೀ ನಾಲ್ಕು ಪುಟ ಹಾಜರುಪಡಿಸುತ್ತಾರೆ. ಇಡೀ ಹೇಳಿಕೆಗೆ ನಿಶಾನೆ, ಅಂದರೆ ಕೋರ್ಟಿನ ದಾಖಲೆ ಎಂಬ ಗುರುತು, ಹಾಕುತ್ತಾರೆ. ನೋಡಬಾರದ ಮೂರೂವರೆ ಪುಟ ಕಡತದಲ್ಲಿ ಆರಾಮಾಗಿ ಕೂತುಬಿಡುತ್ತದೆ. 2022ರಲ್ಲಿ ನಮ್ಮ ಕರ್ನಾಟಕದ್ದೇ ವೆಂಕಟೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಂಡಿಸಿತು. ಪತ್ತೆಗೆ ಬೇಕಾದಷ್ಟು ಭಾಗವನ್ನು ಮಾತ್ರ ತರುವ ಬದಲು ಇಡೀ ಹೇಳಿಕೆಯನ್ನು ದಾಖಲೆಗೆ ತರುವ ಚಾಳಿಯನ್ನು ಮತ್ತೆ ಮತ್ತೆ ಕಾಣುತ್ತಿದ್ದೇವೆ, ಇಂಥ ಹೇಳಿಕೆಗಳು ಕೋರ್ಟಿನ ಮನಸ್ಸಿನ ಮೇಲೇ ಪ್ರಭಾವ ಬೀರಬಹುದು, ಇದು ಕೂಡಲೇ ನಿಲ್ಲಬೇಕು ಅಂತ ಹೇಳಿತು. ಆ ಕೇಸಿನಲ್ಲಿ ಆರೋಪಿಗಳ ಹೇಳಿಕೆಯ ಡಿವಿಡಿ ಟಿವಿಯಲ್ಲೂ ಪ್ರಸಾರವಾಗಿತ್ತು. ಅದನ್ನೂ ಕೋರ್ಟು ಕಟುವಾಗಿ ಟೀಕಿಸಿತು. ಸುಪ್ರೀಂ ಕೋರ್ಟೇ ನ್ಯಾಯಾಧೀಶರ ಮನಸ್ಸಿಗೂ ಇದು ತಾಗುತ್ತದೆ ಅಂತ ಒಪ್ಪಿಕೊಂಡಿದೆ. ನಿಮ್ಮ ವಕೀಲರು ಈ ತೀರ್ಪಿನ ಪ್ರತಿ ಕೈಯಲ್ಲಿ ಹಿಡಿದೇ ಆ ದಿನ ಹೋಗಬೇಕು. ಸಂಬಂಧಪಟ್ಟ ವಾಕ್ಯಕ್ಕೆ ಮಾತ್ರ ನಿಶಾನೆ ಹಾಕಿ ಅಂತ ಕೇಳಬೇಕು.

ತಕರಾರು ಎತ್ತುವುದು ಯಾವಾಗ ಎಂಬುದರ ಬಗ್ಗೆ ಒಂದು ಗೊಂದಲ ಇದೆ. 2001ರ ಬಿಪಿನ್ ಶಾಂತಿಲಾಲ್ ಪಾಂಚಾಲ್ ತೀರ್ಪಿನ ನಂತರ, ತಕರಾರನ್ನು ಬರೆದುಕೊಂಡು ದಾಖಲೆಗೆ ತಾತ್ಕಾಲಿಕವಾಗಿ ನಿಶಾನೆ ಹಾಕಿ, ಕೊನೆಯ ತೀರ್ಪಿನಲ್ಲಿ ನೋಡೋಣ ಎನ್ನುವ ಪದ್ಧತಿ ಬೆಳೆಯಿತು. ಪ್ರತಿ ತಕರಾರಿಗೂ ವಿಚಾರಣೆ ನಿಲ್ಲಬಾರದು ಎಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ‘ಕೊನೆಗೆ ನೋಡೋಣ’ ಎಂದ ಸಾಕ್ಷ್ಯ ವರ್ಷಗಟ್ಟಲೆ ಕಡತದಲ್ಲೇ ಇರುತ್ತದೆ, ಮನಸ್ಸಿನಲ್ಲೂ ಇರುತ್ತದೆ. 2021ರ ಏಪ್ರಿಲ್‌ನಲ್ಲಿ ಕ್ರಿಮಿನಲ್ ವಿಚಾರಣೆಗಳ ಕೊರತೆಗಳ ಬಗ್ಗೆ ಕೊಟ್ಟ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿದ್ದಿತು. ಸಾಕ್ಷಿಗೆ ಕೇಳುವ ಪ್ರಶ್ನೆಗಳ ಬಗೆಗಿನ ತಕರಾರನ್ನು ಆಗಲೇ ತೀರ್ಮಾನಿಸಬೇಕು, ಆಗದಿದ್ದರೆ ಆ ಸಾಕ್ಷಿಯ ವಿಚಾರಣೆ ಮುಗಿಯುವಾಗ ತೀರ್ಮಾನಿಸಬೇಕು ಎಂದಿತು. ನನ್ನ ಕಣ್ಣಿಗೆ ಇದು ದೊಡ್ಡ ಬದಲಾವಣೆ. ಜಿಲ್ಲಾ ಕೋರ್ಟುಗಳಲ್ಲಿ ವಕೀಲರು ಇದನ್ನು ಇನ್ನೂ ಗಟ್ಟಿಯಾಗಿ ಬಳಸಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನೇ ಒಮ್ಮೆ ಸುಮ್ಮನೆ ಕೂತಿದ್ದೆ. ಮಂಗಳೂರಿನಲ್ಲಿ ಹೊಸದಾಗಿ ವಕೀಲಿ ಶುರು ಮಾಡಿದ ಕಾಲ. ಕಳ್ಳತನದ ಕೇಸು. ಅಧಿಕಾರಿಯೊಬ್ಬರು ಮುಖ್ಯ ವಿಚಾರಣೆಯಲ್ಲಿ ‘ಈತ ಹಳೆ ಕಳ್ಳ, ನಮಗೆ ಮೊದಲಿಂದಲೂ ಪರಿಚಯ’ ಅಂದರು. ಅದು ಹಾಗೇ ಟೈಪ್ ಆಯಿತು. ಪಾಟೀ ಸವಾಲಿನಲ್ಲಿ ನೋಡಿಕೊಳ್ಳುತ್ತೇನೆ ಅಂತ ನಾನು ಏಳಲಿಲ್ಲ. ಆಮೇಲೆ ಕೇಳಿದ ಪ್ರತಿ ಪ್ರಶ್ನೆಯೂ ಆ ಸಾಲನ್ನು ಇನ್ನಷ್ಟು ಉದ್ದ ಮಾಡಿತು. ಹುಡುಗನಿಗೆ ಶಿಕ್ಷೆಯಾಯಿತು. ಬೇರೆ ಸಾಕ್ಷ್ಯವೂ ಇತ್ತು ನಿಜ. ಆದರೆ ಆ ಒಂದು ಸಾಲು ಇಲ್ಲದಿದ್ದರೆ ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಪೀಲಿನಲ್ಲೂ ಅದು ಸುಲಭ ಅಲ್ಲ. 169ನೇ ಕಲಮಿನ ಪ್ರಕಾರ, ತಪ್ಪಾಗಿ ಒಳಗೆ ಬಂದ ಸಾಕ್ಷ್ಯವನ್ನು ಬಿಟ್ಟು ಉಳಿದದ್ದು ಸಾಕಾಗುತ್ತದೆ ಅನಿಸಿದರೆ ಮೇಲಿನ ಕೋರ್ಟು ತೀರ್ಪನ್ನು ಬದಲಿಸಬೇಕಾಗಿಲ್ಲ.

ಫೋನ್ ಕಿತ್ತುಕೊಂಡು ತೆಗೆದದ್ದು ಅಂತ ಬರೆದಿದ್ದೀರಿ. ಅದೊಂದೇ ಕಾರಣಕ್ಕೆ ವೀಡಿಯೊ ಬೀಳುತ್ತದೆ ಅಂತ ನಂಬಬೇಡಿ. ಕಾನೂನು ಮೀರಿ ಸಂಗ್ರಹಿಸಿದ್ದಾದರೂ ಪ್ರಸ್ತುತವಾಗಿದ್ದರೆ ಸಾಕ್ಷ್ಯ ಒಳಗೆ ಬರುತ್ತದೆ ಎಂಬುದು ನಮ್ಮಲ್ಲಿ ನೆಲೆಯೂರಿದ ಮಾತು. 1973ರಲ್ಲಿ ವರದಿಯಾದ ಆರ್.ಎಂ. ಮಲ್ಕಾನಿ ತೀರ್ಪು, 1974ರಲ್ಲಿ ವರದಿಯಾದ ಪೂರಣ್ ಮಲ್ ತೀರ್ಪು ಇದನ್ನೇ ಹೇಳುತ್ತವೆ. ಆದರೆ ಮಲ್ಕಾನಿ ತೀರ್ಪಿನಲ್ಲೇ ಇನ್ನೊಂದು ಮಾತೂ ಇದೆ. ಸಾಕ್ಷ್ಯದ ಕಟ್ಟುನಿಟ್ಟಾದ ನಿಯಮ ಆರೋಪಿಗೆ ಅನ್ಯಾಯ ಮಾಡುವಂತಿದ್ದರೆ ಅದನ್ನು ಬೇಡ ಎನ್ನುವ ವಿವೇಚನೆ ನ್ಯಾಯಾಧೀಶರಿಗೆ ಇದೆ ಅಂತ. ಇಂಗ್ಲೆಂಡಿನ ಹಳೆ ತೀರ್ಪಿನಿಂದ ಬಂದ ಮಾತು ಅದು. ನಮ್ಮಲ್ಲಿ ಅಮೆರಿಕದ 403ನೇ ನಿಯಮಕ್ಕೆ ಹತ್ತಿರದ್ದು ಅಂತ ಏನಾದರೂ ಇದ್ದರೆ ಇದೇ. ಇದನ್ನು ಕೊನೆಯ ವಾದವಾಗಿ ಇಟ್ಟುಕೊಳ್ಳಿ, ಮೊದಲನೆಯದಾಗಿ ಅಲ್ಲ. ಅದಕ್ಕಿಂತ ಮೊದಲು, ಎಲೆಕ್ಟ್ರಾನಿಕ್ ದಾಖಲೆಗೆ 63ನೇ ಕಲಮು ಕೇಳುವ ಪ್ರಮಾಣಪತ್ರ ವೀಡಿಯೊ ಜೊತೆಗೆ ಇದೆಯಾ ಅಂತ ನೋಡಿ. ನಕಲು ಕೊಟ್ಟಿದ್ದರೆ ಅದು ಬೇಕೇಬೇಕು.

ಗಾಯದ ಫೋಟೊಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಬಂದೇ ಬರುತ್ತವೆ. ನೋಡಲು ಕಷ್ಟವಾದರೂ ಅವು ಪ್ರಸ್ತುತವೇ. ಅಲ್ಲಿ ತಕರಾರು ಎತ್ತಿ ನ್ಯಾಯಾಧೀಶರ ತಾಳ್ಮೆ ಖರ್ಚು ಮಾಡಬೇಡಿ.

ಇನ್ನು ಅಮ್ಮನ ಮಾತು. ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ತುಂಬಾ ಜಾಗ್ರತೆ ಬೇಕು. 49ನೇ ಕಲಮು ಕೆಟ್ಟ ನಡತೆಯನ್ನು ಹೊರಗಿಡುವುದು ಒಂದು ಷರತ್ತಿನ ಮೇಲೆ. ಆರೋಪಿಯ ಕಡೆಯಿಂದ ಒಳ್ಳೆಯ ನಡತೆಯ ಸಾಕ್ಷ್ಯ ಬಂದರೆ, ಕೆಟ್ಟ ನಡತೆಯೂ ಆಗ ಪ್ರಸ್ತುತವಾಗುತ್ತದೆ. ಊರಿನ ಹಿರಿಯರು ಕಟ್ಟೆ ಹತ್ತಿ ‘ಚಿನ್ನದಂಥ ಹುಡುಗ, ಯಾರ ತಂಟೆಗೂ ಹೋದವನಲ್ಲ’ ಅಂದರು ಅಂತ ಇಟ್ಟುಕೊಳ್ಳಿ. ಇಷ್ಟು ಹೊತ್ತು ನಾವು ಕಷ್ಟಪಟ್ಟು ಮುಚ್ಚಿಟ್ಟ ಬಾಗಿಲನ್ನು ನಮ್ಮ ಸಾಕ್ಷಿಯೇ ತೆರೆದ ಹಾಗಾಯಿತು. ಅಭಿಯೋಜಕರು ಎದ್ದು ‘2019ರ ಗಲಾಟೆ ನಿಮಗೆ ಗೊತ್ತುಂಟಾ? ಠಾಣೆಯಲ್ಲಿ ರೌಡಿ ಶೀಟ್ ಇರುವುದು ಗೊತ್ತುಂಟಾ?’ ಅಂತ ಶುರು ಮಾಡುತ್ತಾರೆ. ಆಗ ನಮ್ಮ ತಕರಾರಿಗೆ ಬಲ ಉಳಿಯುವುದಿಲ್ಲ. ಸರಕಾರದ ಕಡೆಯ ಸಾಕ್ಷಿಗಳಿಗೆ ಪಾಟೀ ಸವಾಲು ಹಾಕುವಾಗಲೂ ವಕೀಲರು ಒಳ್ಳೆಯವನು ಅಂತ ಹೇಳಿಸಲು ಹೋಗಬಾರದು. ಅಲ್ಲೂ ಅದೇ ಅಪಾಯ.

ಅಮ್ಮ ಸಾಕ್ಷಿ ಹೇಳಬಹುದು. ಹೇಳುವುದಿದ್ದರೆ ಆ ರಾತ್ರಿ ಕಂಡದ್ದನ್ನು ಹೇಳಲಿ. ಅವನು ಮನೆಗೆ ಬಂದದ್ದು ಎಷ್ಟು ಹೊತ್ತಿಗೆ, ಯಾವ ಅಂಗಿ ಹಾಕಿದ್ದ, ಊಟ ಮಾಡಿದನಾ, ಯಾರ ಫೋನ್ ಬಂತು. ನೆನಪಿದ್ದಷ್ಟೇ, ನಡೆದಷ್ಟೇ. ಮುಂದಿನ ವಾಯಿದೆಗೆ ಮೊದಲು ಅಮ್ಮನನ್ನೂ ಕರೆದುಕೊಂಡು ವಕೀಲರ ಆಫೀಸಿಗೆ ಹೋಗಿ. ಚಾರ್ಜ್‌ಶೀಟಿನ ಪ್ರತಿಯಲ್ಲಿ ಹಳೆ ಕೇಸು, ರೌಡಿ ಶೀಟ್, ತಪ್ಪೊಪ್ಪಿಗೆ ಬರುವ ಪ್ರತಿ ಸಾಲಿಗೂ ಪೆನ್ಸಿಲ್ ಗುರುತು ಹಾಕಿ. ಅದನ್ನು ಬರೆದ ಅಧಿಕಾರಿ ಸಾಕ್ಷಿ ಪಟ್ಟಿಯಲ್ಲಿ ಎಷ್ಟನೆಯವರು ಅಂತ ನೋಡಿ. ಅವರು ಕಟ್ಟೆಗೆ ಬರುವ ದಿನ ನಿಮ್ಮ ವಕೀಲರೇ ಖುದ್ದಾಗಿ ಇರಬೇಕು, ಜೂನಿಯರನ್ನು ಮಾತ್ರ ಕಳಿಸಬಾರದು ಅಂತ ಈಗಲೇ ಕೇಳಿಕೊಳ್ಳಿ.